ಕಟ್ಟಡವೂ ಗುಂಡಿಯೂ

ಕಟ್ಟಡ ಕಟ್ಟುವುದೆಂದರೆ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವ ಕೆಲಸ. ಕಲ್ಲು ಬೆಟ್ಟದಿಂದ ಬರಬೇಕು. ಮಣ್ಣು ಹೊಲದಿಂದಲೋ ಕೆರೆಯಿಂದಲೋ ಬರಬೇಕು. ಮರಳು ಹೊಳೆಯಿಂದ, ನೀರು ಬಾವಿಯಿಂದ. ಎದ್ದ ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಗೃಹಪ್ರವೇಶದ ದಿವಸ ಊಟಕ್ಕೆ ಬಂದವರೆಲ್ಲರೂ ಅದನ್ನು ತಟ್ಟಿ ನೋಡಿ ಹೊಗಳುತ್ತಾರೆ. ಆ ಗೋಡೆಯಷ್ಟೇ ಗಾತ್ರದ ಗುಂಡಿಯೊಂದು ಎಲ್ಲಿಯೋ ಬಿದ್ದಿರುತ್ತದೆಯೆಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ತೋಡುವಾಗ ಎದ್ದ ಧೂಳು ತೋಡಿದವನ ಎದೆಯೊಳಕ್ಕೆ ಹೋಗುತ್ತದೆ. ಕಟ್ಟಡದ ಕೆಲಸದಿಂದ ಹುಟ್ಟುವ ರೋಗರುಜಿನಗಳ ವಿಚಾರವಾಗಿ ಈ ಲೇಖನದಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಉದಾಹರಣೆಗಳಿಗೆ ದೂರ ಹೋಗಬೇಕಾದುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಬೇಕಾದಷ್ಟು ಸಿಕ್ಕುತ್ತವೆ.

ಮೊದಲು ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳೋಣ. ಕೋಟೆ ಕಟ್ಟುವವರು ಗೋಡೆಯ ಬುಡದಲ್ಲಿಯೇ ಕಂದಕವನ್ನು ತೋಡುವುದು ರೂಢಿ. ತೆಗೆದ ಮಣ್ಣು ಗೋಡೆಗಾಯಿತು, ಬಿದ್ದ ಗುಂಡಿ ಶತ್ರುವಿಗಾಯಿತು ಎಂಬುದು ಅವರ ಲೆಕ್ಕಾಚಾರ. ಯುದ್ಧಶಾಸ್ತ್ರದಲ್ಲಿ ಇದು ಸರಿಯಾದ ಲೆಕ್ಕವೇ. 1799ರ ಮೇ 4ರಂದು ಕೋಟೆ ಬಿದ್ದಿತು. ಇಂಗ್ಲಿಷರ ಪಡೆ ಅದರೊಳಗೆ ಬಿಡಾರ ಹೂಡಿತು. ಟಿಪ್ಪುವಿನ ಪಿರಂಗಿಗಳಿಗೆ ಬಗ್ಗದೆ ಒಳಹೊಕ್ಕ ಆ ಪಡೆ ಹತ್ತು ವರ್ಷಗಳೊಳಗೆ ಚಳಿಜ್ವರಕ್ಕೆ ಬಗ್ಗಿ, 1809ರ ಸುಮಾರಿಗೆ ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಹೊರಟುಹೋಯಿತು. ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ ಮುನ್ನೂರರಷ್ಟು ಗೋರಿಗಳಿವೆ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳೂ ಅಲ್ಲಿವೆ. ಅಲ್ಲಿ ಮಲಗಿರುವವರೆಲ್ಲರೂ ಜ್ವರದಿಂದಲೇ ಸತ್ತರೆಂದು ಹೇಳಲಾಗದು. ಆದರೆ ಪಟ್ಟಣದ ಹವೆ ಕೆಟ್ಟದ್ದೆಂಬ ಅಪಖ್ಯಾತಿ ಆ ಕಾಲದಿಂದ ಬಹುಕಾಲ ಉಳಿಯಿತು.

ಹವೆಯ ಮೇಲೆ ತಪ್ಪು ಹೊರಿಸಿದವರನ್ನು ನಾವು ಹಾಸ್ಯಮಾಡಬೇಕಾದುದಿಲ್ಲ. ಮಲೇರಿಯ ಎಂಬ ಮಾತಿಗೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿಯೆಂದೇ ಅರ್ಥ. ಜೌಗಿನ ಪಕ್ಕದಲ್ಲಿ ಇರುವವರಿಗೆ ಜ್ವರ ಬರುತ್ತದೆಯೆಂಬುದನ್ನು ಅವರು ಕಂಡಿದ್ದರು; ಜೌಗಿಗೂ ಮನುಷ್ಯನಿಗೂ ನಡುವೆ ಹಾರಾಡುವ ಸೊಳ್ಳೆಯನ್ನು ಮಾತ್ರ ಕಾಣಲಿಲ್ಲ. ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿಯೂ ಇದ್ದ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು 1897ರಲ್ಲಿ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಜಾತಿಯ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡುಹಿಡಿದ ಮೇಲೆ ಗೊತ್ತಾದುದೇನೆಂದರೆ, ಜ್ವರದ ವಿಚಾರ ವೈದ್ಯರದಷ್ಟೇ ಅಲ್ಲ, ಇಂಜಿನಿಯರುಗಳದೂ ಹೌದು ಎಂಬುದು. ನಮ್ಮ ಬಯಲುಸೀಮೆಯಲ್ಲಿ ಜ್ವರ ಹರಡುವ ಮುಖ್ಯ ಸೊಳ್ಳೆಗೆ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂದು ಹೆಸರು. ಚರಂಡಿಯ ಕೊಳಕು ನೀರು ಅದಕ್ಕೆ ಹಿಡಿಸುವುದಿಲ್ಲ. ಬಿಸಿಲು ಬೀಳುವ, ತಿಳಿಯಾದ, ನಿಂತ ನೀರು ಬೇಕು. ಹೊಸದಾಗಿ ಮಣ್ಣು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತರೆ ಅದಕ್ಕೆ ಅದೇ ಅರಮನೆ. ಕೊಳಕಿದ್ದಲ್ಲಿ ರೋಗ, ಶುಚಿಯಿದ್ದಲ್ಲಿ ಆರೋಗ್ಯ ಎಂದು ಪಾಠ ಓದಿದವರಿಗೆ ಈ ಸೊಳ್ಳೆ ಸ್ವಲ್ಪ ತೊಡಕನ್ನುಂಟುಮಾಡುತ್ತದೆ!

ರಾಸ್‌ನ ಶೋಧನೆಯನ್ನು ಕಟ್ಟಡದ ಕೆಲಸಕ್ಕೆ ದೊಡ್ಡ ಪ್ರಮಾಣದಲ್ಲಿ ಅಳವಡಿಸಿದ್ದು ಪನಾಮ ಕಾಲುವೆಯಲ್ಲಿ. 1881ರಲ್ಲಿ ಅದನ್ನು ತೋಡಲು ಹೊರಟ ಫ್ರೆಂಚರು ಹಳದಿ ಜ್ವರಕ್ಕೂ ಮಲೇರಿಯಕ್ಕೂ ಇಪ್ಪತ್ತು ಸಾವಿರಕ್ಕೆ ಮಿಕ್ಕಿ ಜನರನ್ನು ಬಲಿಕೊಟ್ಟರೆಂದು ಅಂದಾಜು. 1889ರಲ್ಲಿ ಅವರ ಕಂಪನಿ ಮುಳುಗಿತು. 1904ರಲ್ಲಿ ಕೆಲಸವನ್ನು ಕೈಗೆತ್ತಿಕೊಂಡ ಅಮೆರಿಕದವರು ಗೋರ್ಗಸ್ ಎಂಬ ವೈದ್ಯಾಧಿಕಾರಿಯ ಮಾತಿನಂತೆ ಗುಂಡಿ ಮುಚ್ಚುವುದು, ನೀರು ಬಸಿಯುವುದು, ನಿಂತ ನೀರಿಗೆ ಎಣ್ಣೆ ಬಿಡುವುದು, ಕೂಲಿಗಳ ಮನೆಗಳಿಗೆ ಬಲೆ ಹಾಕುವುದು ಇವನ್ನೆಲ್ಲ ಕಾಮಗಾರಿಯ ಖರ್ಚಿನಲ್ಲಿಯೇ ಸೇರಿಸಿದರು. 1914ರಲ್ಲಿ ಕಾಲುವೆಯಲ್ಲಿ ಹಡಗು ಹೋಯಿತು.

ಅದೇ ವರ್ಷಗಳಲ್ಲಿ ನಮ್ಮ ಕನ್ನಂಬಾಡಿಯಲ್ಲಿಯೂ ಕೆಲಸ ನಡೆಯುತ್ತಿತ್ತು. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ 1911ರ ನವೆಂಬರಿನಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ಮುಗಿಯುವುದಕ್ಕೆ ಎರಡು ದಶಕಗಳು ಹಿಡಿದುವು. ಸುಮಾರು ಹತ್ತು ಸಾವಿರ ಮಂದಿ ದುಡಿದರು. ಸಿಮೆಂಟಿಗೆ ಬದಲಾಗಿ ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿ ಅರೆದ ಸುರ್ಕಿ ಗಾರೆಯಿಂದ 8,600 ಅಡಿ ಉದ್ದದ ಕಲ್ಲಿನ ಕಟ್ಟೆ ಎದ್ದಿತು. ಎಷ್ಟು ಕಲ್ಲು, ಎಷ್ಟು ಸುಣ್ಣ, ಎಷ್ಟು ಇಟ್ಟಿಗೆ ಬೇಕಾಗಿದ್ದಿರಬೇಕೆಂಬುದನ್ನೂ, ಅಷ್ಟಕ್ಕೂ ಎಷ್ಟು ಗುಂಡಿಗಳು ಬಿದ್ದಿರಬೇಕೆಂಬುದನ್ನೂ ಓದುಗರೇ ಊಹಿಸಿಕೊಳ್ಳಬಹುದು. ಗುಡಿಸಲುಗಳಲ್ಲಿದ್ದ ಕೆಲಸಗಾರರನ್ನು ಚಳಿಜ್ವರ ಬಹಳವಾಗಿ ಕಾಡಿತು. ಕಟ್ಟೆಯ ಹಿರಿಮೆಯನ್ನು ನಾವು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಅದು ನ್ಯಾಯವಾದ ಹಿರಿಮೆಯೇ. ಹಾಸಿಗೆ ಹಿಡಿದ ಆ ಕೂಲಿಗಳ ಕಥೆಯೂ ಅದರೊಡನೆ ಸೇರಬೇಕಷ್ಟೆ.

ಕಟ್ಟೆಗಿಂತ ಹೆಚ್ಚಿನ ತೊಂದರೆ ನಾಲೆಯಿಂದ ಬಂದಿತು. ಮೊದಲು ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಒಣಭೂಮಿಗೆ ಹರಿಯಿತು. ಕಬ್ಬು ಬಂದಿತು, ಭತ್ತ ಬಂದಿತು, ಹಿಂದೆಯೇ ಮಲೇರಿಯವೂ ಬಂದಿತು. ನಾಲೆಯ ಏರಿಗೆ ಮಣ್ಣು ತೆಗೆದ ಗುಂಡಿಗಳು ಏರಿಯ ಪಕ್ಕದಲ್ಲಿಯೇ ಉಳಿದರೆ ನಾಲೆಯಿಂದ ಜಿನುಗಿದ ನೀರು ಅಲ್ಲಿಯೇ ಸೇರುತ್ತದೆ. ಗದ್ದೆಗೆ ನೀರು ಬಿಡುವ ದಾರಿಯನ್ನು ಮಾಡಿ ಬಸಿಯುವ ದಾರಿಯನ್ನು ಮಾಡದಿದ್ದರೆ ಆಗುವುದು ಇದೇ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಿಂದ ಮೈಸೂರು ಸಂಸ್ಥಾನದಲ್ಲಿ ಮಲೇರಿಯದ ಅಧ್ಯಯನ ನಡೆಸಿದ ಡಾಕ್ಟರ್ ಸ್ವೀಟ್ ಮತ್ತು ಅವರ ಸಂಗಡಿಗರು ನೀರಾವರಿಗೂ ಮಲೇರಿಯಕ್ಕೂ ಇರುವ ಸಂಬಂಧವನ್ನು ಕುರಿತು ಬರೆದರು. ನಿಂತ ನೀರಿಗೆ ಪ್ಯಾರಿಸ್ ಗ್ರೀನ್ ಎಂಬ ಪುಡಿಯನ್ನು ಎರಚುವ ಕ್ರಮ ಬಂದಿತು.

ಆಮೇಲೆ ಡಿ.ಡಿ.ಟಿ. ಬಂದಿತು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯ ಹತೋಟಿಯ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನದ ಕಾರ್ಯಕ್ರಮ. ಗೋಡೆಗೋಡೆಗೂ ಮದ್ದು ಹೊಡೆದದ್ದರಿಂದ 1965ರ ಹೊತ್ತಿಗೆ ಇಡೀ ಭಾರತದಲ್ಲಿ ರೋಗಿಗಳ ಸಂಖ್ಯೆ ಒಂದು ಲಕ್ಷಕ್ಕೆ ಇಳಿಯಿತು. ಮಲೇರಿಯದ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು. 1976ರಲ್ಲಿ ಆ ಸಂಖ್ಯೆ 64 ಲಕ್ಷಕ್ಕೆ ಏರಿತು. ಸೊಳ್ಳೆ ಮದ್ದಿಗೆ ಒಗ್ಗಿಕೊಂಡಿತ್ತು, ಮದ್ದು ಹೊಡೆಯುವುದರಲ್ಲಿ ಸಡಿಲ ಬಿದ್ದಿತ್ತು, ಗುಂಡಿಗಳು ಮಾತ್ರ ಇದ್ದಲ್ಲಿಯೇ ಇದ್ದುವು. ಮದ್ದನ್ನು ವರ್ಷವರ್ಷವೂ ಹೊಡೆಯಬೇಕು, ಗುಂಡಿಯನ್ನು ಒಂದು ಸಲ ಮುಚ್ಚಿದರೆ ಸಾಕು. ಆದರೂ ಸರ್ಕಾರದ ಲೆಕ್ಕಪತ್ರಗಳಲ್ಲಿ ಮದ್ದಿಗೆ ಒಂದು ಇಲಾಖೆ ಇದೆ. ಗುಂಡಿಗೆ ಇಂಥವರೇ ಒಡೆಯರೆಂಬುದಿಲ್ಲ.

ಈ ವಿಚಾರದಲ್ಲಿ ನಾಗಮಂಗಲ, ಕೃಷ್ಣರಾಜಪೇಟೆಯ ಕಡೆಯ ಹಳೆಯ ಪದ್ಧತಿಯೊಂದನ್ನು ನೆನೆಯಬೇಕು. ಹೇಮಾವತಿಯ ದಡವನ್ನು ಬಿಟ್ಟರೆ ಅಲ್ಲಿಯವರು ಹಿಂದಿನಿಂದಲೂ ನಂಬಿದ್ದು ಕೆರೆಗಳನ್ನು. ಬೇಸಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿಕೊಂಡು ಹೋಗಿ ಹೂಳನ್ನು ಹೇರಿ ತರುವರು. ಗೋಡು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಜೇಡಿಮಣ್ಣು ಗೋಡೆಗೆ, ಇಟ್ಟಿಗೆಗೆ, ಹೆಂಚಿಗೆ ಆಗುತ್ತಿತ್ತು. ಗುಂಡಿ ಬಿದ್ದದ್ದು ಕೆರೆಯಲ್ಲಿ. ಕೆರೆಗೆ ಬೇಕಾದ್ದೂ ಗುಂಡಿಯೇ. ಅದರಲ್ಲಿ ಮೀನೂ ಕಪ್ಪೆಯೂ ಇರುತ್ತಿದ್ದುದರಿಂದ ಸೊಳ್ಳೆಯ ಮರಿಗಳೆಲ್ಲ ಬದುಕಿ ಹೊರಬರುತ್ತಿರಲಿಲ್ಲ. ಆರೋಗ್ಯಶಾಸ್ತ್ರ ಓದಿ ಈ ಪದ್ಧತಿಯನ್ನು ಮಾಡಿದರೆಂದು ನಾನು ವಾದಿಸುವುದಿಲ್ಲ. ಅದೇ ಹಳೆಯ ಮನೆಗಳಲ್ಲಿ ಕಿಟಕಿಯಿರಲಿಲ್ಲ, ಅಡಿಗೆಮನೆಯ ಹೊಗೆ ನಡುಮನೆಗೆ ಬರುತ್ತಿತ್ತು, ದನಕರುಗಳು ಜನರೊಡನೆ ಒಂದೇ ಸೂರಿನಡಿ ಮಲಗುತ್ತಿದ್ದುವು. 1898ರಲ್ಲಿ ಪ್ಲೇಗು ಮೈಸೂರು ಸೀಮೆಗೆ ಬಂದಾಗ ಇಲಿಗಳು ಸೇರಿಕೊಂಡಿದ್ದು ಇಂಥ ಇಕ್ಕಟ್ಟಿನ ಕೇರಿಗಳ ಗೋಡೆಗಳಲ್ಲಿಯೇ. ಹಳೆಯದೆಲ್ಲ ಒಳ್ಳೆಯದಲ್ಲ. ಆದರೆ ಗುಂಡಿಯನ್ನು ಎಲ್ಲಿ ಬೀಳಿಸಬೇಕೆಂಬುದು ಅವರಿಗೆ ಗೊತ್ತಿತ್ತು. ಈಗ ಮಣ್ಣು ಜೆ.ಸಿ.ಬಿ. ಯಂತ್ರದಿಂದ ಒಂದು ರಾತ್ರಿಯಲ್ಲಿ ಯಾವುದೋ ಗೋಮಾಳದಿಂದ ಬರುತ್ತದೆ; ಮನೆಯ ಯಜಮಾನನಿಗೂ ಅದು ಎಲ್ಲಿಯದೆಂದು ತಿಳಿದಿರುವುದಿಲ್ಲ.

ಇನ್ನು ಇಂದಿನ ಮನೆಯ ಕೆಲಸಕ್ಕೆ ಬರೋಣ. ತಾರಸಿಯ ಮೋಲ್ಡ್ ಹಾಕಿದ ಮಾರನೆಯ ದಿನ ಮೇಸ್ತ್ರಿ ಅದರ ಮೇಲೆ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾನೆ. ಸಿಮೆಂಟು ನೀರನ್ನು ಹೀರಿಕೊಂಡೇ ಗಟ್ಟಿಯಾಗಬೇಕಾದುದರಿಂದ ಕಡಮೆಯೆಂದರೆ ಏಳು ದಿನ, ಬಿಸಿಲು ಹೆಚ್ಚಾಗಿದ್ದರೆ ಹತ್ತು ದಿನ, ಅದನ್ನು ಒಣಗಗೊಡಬಾರದು. ಇತ್ತ ನಮ್ಮ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಒಡೆದು, ಮರಿಯಾಗಿ, ಕೋಶವಾಗಿ, ರೆಕ್ಕೆ ಬಂದು ಹಾರುವುದಕ್ಕೆ ಬೇಕಾದುದೂ ಏಳರಿಂದ ಹತ್ತು ದಿನ. ತಾರಸಿ ಗಟ್ಟಿಯಾಗುವ ಹೊತ್ತಿಗೆ ಸೊಳ್ಳೆಯೂ ಸಿದ್ಧ! ಅಷ್ಟೇ ಅಲ್ಲದೆ ನೀರು ತುಂಬಿಡುವ ಡ್ರಮ್ಮುಗಳು, ಮುಚ್ಚಳವಿಲ್ಲದ ಸಂಪು, ಲಿಫ್ಟಿಗೆಂದು ಬಿಟ್ಟ ಕುಳಿ, ಗಾರೆಯ ಬಾಂಡ್ಲಿಗಳು ಇವೂ ಇರುತ್ತವೆ. ಡೆಂಗಿ ಜ್ವರದ ಸೊಳ್ಳೆಗೆ ಒಂದು ಚಿಪ್ಪಿನಷ್ಟು ನೀರಿದ್ದರೂ ಸಾಕು. ಮಲೇರಿಯ ತರುವ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಇನ್ನೊಂದು ಸೊಳ್ಳೆ ತೊಟ್ಟಿ, ಟ್ಯಾಂಕುಗಳನ್ನೇ ಮೆಚ್ಚಿ ಪಟ್ಟಣಗಳಲ್ಲಿ ನೆಲಸಿದೆ. ಮಂಗಳೂರಿನಲ್ಲಿ 1990ರಿಂದೀಚೆಗೆ ಮಲೇರಿಯ ಮತ್ತೆ ತಲೆಯೆತ್ತಿದ್ದು ಅಲ್ಲಿ ಭರದಿಂದ ಎದ್ದ ಕಟ್ಟಡಗಳ ಕೆಲಸದ ಜಾಗಗಳಿಂದಲೇ ಎಂಬುದು ವೈದ್ಯರೆಲ್ಲ ಒಪ್ಪಿದ ವಿಷಯ.

ಹಾಗಾದರೆ ನೀರು ನಿಲ್ಲಿಸದಿರಲಾದೀತೇ? ನಿಲ್ಲಿಸದೆಯೂ ಕೆಲಸ ಸಾಗುತ್ತದೆ. ಗೋಣಿತಾಟನ್ನೋ ಹುಲ್ಲನ್ನೋ ಹೊದಿಸಿ ದಿನಕ್ಕೆ ಎರಡು ಮೂರು ಸಲ ನೆನೆಸಿದರೆ ಸಿಮೆಂಟಿಗೆ ಬೇಕಾದ ತೇವ ಸಿಕ್ಕುತ್ತದೆ, ಸೊಳ್ಳೆಗೆ ಬೇಕಾದ ಕೊಳ ಸಿಕ್ಕುವುದಿಲ್ಲ. ಬದು ಕಟ್ಟಲೇಬೇಕಾದರೆ ಐದನೆಯ ದಿನ ಒಂದು ಸಲ ನೀರನ್ನೆಲ್ಲ ಹೊರಕ್ಕೆ ಬಿಟ್ಟು, ತಳವನ್ನು ಪೊರಕೆಯಿಂದ ಗುಡಿಸಿ, ಮತ್ತೆ ತುಂಬಿದರಾಯಿತು. ಡ್ರಮ್ಮುಗಳನ್ನೂ ವಾರಕ್ಕೊಮ್ಮೆ ಬೋರಲು ಹಾಕಿ ಉಜ್ಜಬೇಕು, ಏಕೆಂದರೆ ಡೆಂಗಿ ಸೊಳ್ಳೆಯ ಮೊಟ್ಟೆ ಒಣಗಿದ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ ದಂಡ ಗೊತ್ತುಮಾಡಿದಾಗ ಸಾಮಾನ್ಯ ಮನೆಗೆ ನಗರದಲ್ಲಿ 400 ರೂಪಾಯಿ, ಕಟ್ಟುತ್ತಿರುವ ಕಟ್ಟಡಕ್ಕೆ 2,000 ರೂಪಾಯಿ ಎಂದು ಇಟ್ಟಿತು. ಐದು ಪಟ್ಟು ಹೆಚ್ಚಿಟ್ಟುದರಲ್ಲಿ ವಿವೇಕವಿದೆ.

ನೀರಿನ ಮಾತು ಇಷ್ಟಾಯಿತು. ಧೂಳಿನ ಮಾತು ಇದಕ್ಕಿಂತ ಕಠಿನ. ಸೊಳ್ಳೆಯಿಂದ ಬಂದ ಜ್ವರಕ್ಕೆ ಚಿಕಿತ್ಸೆಯಿದೆ, ಕಲ್ಲಿನ ಧೂಳಿನಿಂದ ಬಂದ ರೋಗಕ್ಕೆ ಇಲ್ಲ. ಫ್ರೆಂಚ್ ರಾಕ್ಸ್ ಎಂದು ಬಂಡೆಗಳಿಂದಲೇ ಹೆಸರು ಪಡೆದಿದ್ದ ಪಾಂಡವಪುರದ ಸುತ್ತಣ ಗಟ್ಟಿ ಕಲ್ಲಿನಲ್ಲಿ ಬೆಣಚು, ಎಂದರೆ ಸಿಲಿಕ, ಹೇರಳವಾಗಿದೆ. ಕಲ್ಲನ್ನು ಕೊರೆದಾಗ, ಸೀಳಿದಾಗ, ಜಲ್ಲಿ ಮಾಡಿದಾಗ ಏಳುವ ಧೂಳಿನಲ್ಲಿ ನಮಗೆ ಕಾಣುವುದು ಅಪಾಯವಲ್ಲ. ಅದು ಮೂಗಿನಲ್ಲಿಯೇ ನಿಂತು ಸೀನಿದರೆ ಹೋಗುತ್ತದೆ. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಸಣ್ಣದಾದ, ಕಣ್ಣಿಗೆ ಕಾಣದ ಕಣಗಳು ಪುಪ್ಪುಸದ ಕೊನೆಯ ಗೂಡುಗಳನ್ನು ಮುಟ್ಟುತ್ತವೆ. ಅವನ್ನು ನುಂಗಿ ಹಾಕಲು ಬಂದ ರಕ್ಷಕ ಕೋಶಗಳು ತಾವೇ ಸಾಯುತ್ತವೆ. ಸತ್ತ ಜಾಗ ಗಂಟುಗಂಟಾಗಿ ಮಾಯ್ದ ಗಾಯದಂತೆ ಬಿರುಸಾಗುತ್ತದೆ. ಪುಪ್ಪುಸ ಹಿಗ್ಗಲಾರದೆ ಹೋಗುತ್ತದೆ. ಇದೇ ಸಿಲಿಕೋಸಿಸ್. ಹತ್ತು ಹದಿನೈದು ವರ್ಷ ಏನೂ ತಿಳಿಯದೆ ಇದ್ದು, ಒಂದು ದಿನ ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕುವುದಿಲ್ಲ. ಇಂಥವರಿಗೆ ಕ್ಷಯರೋಗವೂ ಬಹು ಬೇಗ ತಗಲುತ್ತದೆ. ಹೀಗಾಗಿ ಕಲ್ಲುಕುಟಿಗನು ಸತ್ತಾಗ ಕ್ಷಯದಿಂದ ಸತ್ತನೆಂದು ಊರಿನವರು ಹೇಳುತ್ತಾರೆ. ಕಲ್ಲಿನ ಹೆಸರು ಬರುವುದೇ ಇಲ್ಲ. ಭಾರತದಲ್ಲಿ ಈ ರೋಗ ಮೊದಲು ದೊಡ್ಡ ಪ್ರಮಾಣದಲ್ಲಿ ಬೆಳಕಿಗೆ ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ. 1940ರ ದಶಕದಲ್ಲಿ ಅಲ್ಲಿ ಪರೀಕ್ಷಿಸಿದ ಸಾವಿರಾರು ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಇದು ಕಂಡಿತು.

ಹೊಳೆಯ ಮರಳಿಗೆ ನಿರ್ಬಂಧ ಬಂದ ಮೇಲೆ ಕಲ್ಲನ್ನೇ ಪುಡಿಮಾಡಿದ ಎಂ-ಸ್ಯಾಂಡ್ ಎಲ್ಲೆಡೆಯೂ ಬಳಕೆಗೆ ಬಂದಿದೆ. ಹೊಳೆ ಉಳಿಯಿತು, ನಿಜ. ಬೆಟ್ಟಕ್ಕೆ ಕಷ್ಟ ಬಂದಿತು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕ್ವಾರಿಗಳ ವಿಚಾರ ಎಲ್ಲರಿಗೂ ತಿಳಿದದ್ದೇ. 2018ರ ಸೆಪ್ಟೆಂಬರಿನಲ್ಲಿ ಸ್ಫೋಟದ ಕಂಪನ ಕನ್ನಂಬಾಡಿ ಕಟ್ಟೆಯ ಬಳಿಯ ಮಾಪಕದಲ್ಲಿ ದಾಖಲಾಯಿತೆಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ವರದಿ ಮಾಡಿತು. 2024ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ, ಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೂ, ಗಣಿಗಾರಿಕೆ ಕೂಡದೆಂದು ಆಜ್ಞೆಮಾಡಿತು. ಕಟ್ಟೆಯ ಮೇಲಿನ ಕಾಳಜಿಯಿಂದ ಇಷ್ಟು ದೊಡ್ಡ ಚರ್ಚೆ ನಡೆದದ್ದು ಸಂತೋಷವೇ. ಕಂಪನ ಅಳೆಯಲು ಮಾಪಕವಿತ್ತು. ಕಲ್ಲು ಕೊರೆಯುವವನ ಮೂಗಿನ ಮುಂದೆ ಧೂಳು ಅಳೆಯಲು ಯಾವ ಮಾಪಕವನ್ನು ಇಟ್ಟಿದ್ದರು?

ಧೂಳಿಗೆ ಉಪಾಯ ಬಹಳ ಸುಲಭವಾದುದು: ನೀರು. ಕೊರೆಯುವ ತುದಿಗೆ ನೀರು ಬಿಟ್ಟರೆ ಧೂಳು ಕೆಸರಾಗಿ ಕೆಳಗೆ ಬೀಳುತ್ತದೆ. ಮನೆಯ ಕೆಲಸದಲ್ಲಿ ಟೈಲ್ಸನ್ನೋ ಗ್ರಾನೈಟನ್ನೋ ಯಂತ್ರದಿಂದ ಕತ್ತರಿಸುವಾಗಲೂ ಹೀಗೆಯೇ. ಬಾಯಿಗೆ ಟವೆಲ್ಲು ಕಟ್ಟಿಕೊಂಡರಾಯಿತೆಂದು ಅನೇಕರು ತಿಳಿದಿದ್ದಾರೆ. ಆ ಸಣ್ಣ ಕಣಗಳಿಗೆ ಟವೆಲ್ಲಿನ ನೇಯ್ಗೆ ಹೆಬ್ಬಾಗಿಲಿದ್ದಂತೆ. ಮನೆಗೆ ಬಂದು ಅದೇ ಟವೆಲ್ಲನ್ನು ಕೊಡವಿದರೆ ಮಕ್ಕಳಿಗೂ ಅದರ ಪಾಲು ಸಿಕ್ಕುತ್ತದೆ.

ಉಳಿದ ಅಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುವಷ್ಟು ಕಾವು ಏಳುತ್ತದೆ. ಅದು ಕಣ್ಣಿಗೆ ಸಿಡಿದರೆ ಎಣ್ಣೆ, ಹಾಲು ಮುಂತಾದ ಮದ್ದು ಹುಡುಕದೆ ಕಾಲು ಗಂಟೆಯಾದರೂ ಸತತವಾಗಿ ತಣ್ಣೀರು ಬಿಟ್ಟು ಆಸ್ಪತ್ರೆಗೆ ಓಡಬೇಕು. ಹಸಿ ಸಿಮೆಂಟು ಕೈಕಾಲಿನ ಚರ್ಮವನ್ನು ತಿನ್ನುತ್ತದೆ. ಹಳೆಯ ಮನೆ ಕೆಡವುವಾಗ ಕಲ್ನಾರಿನ ಶೀಟುಗಳನ್ನು ಒಡೆಯದೆ, ಗರಗಸ ಹಾಕದೆ, ನೆನೆಸಿ ಇಡಿಯಾಗಿ ಇಳಿಸಬೇಕು. ಅದರ ನಾರು ಎದೆಗೆ ಹೋದರೆ ಕ್ಯಾನ್ಸರಿಗೆ ಕಾರಣವಾಗುತ್ತದೆ. ನಮ್ಮ ದೇಶದಲ್ಲಿ ಅದರ ಗಣಿ ನಿಂತಿದ್ದರೂ ಶೀಟಿನ ಬಳಕೆ ನಿಂತಿಲ್ಲ. ಐದು ಅಡಿಗಿಂತ ಆಳದ ಪಾಯವನ್ನೋ ಕುಳಿಯನ್ನೋ ತೋಡಿದರೆ ಪಕ್ಕಗಳಿಗೆ ಹಲಗೆ ಕೊಟ್ಟು ಆನಿಸಬೇಕು, ಇಲ್ಲವೇ ಇಳಿಜಾರಾಗಿ ತೋಡಬೇಕು. ಒಂದು ಘನ ಮೀಟರು ಮಣ್ಣು ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ. ಎದೆಯವರೆಗೆ ಹೂತವನಿಗೂ ಉಸಿರಾಡಲು ಸಾಧ್ಯವಾಗದು. ತಾರಸಿಯ ಮೇಲೆ ಕಬ್ಬಿಣದ ಸರಳನ್ನು ಎತ್ತಿ ತಿರುಗಿಸುವ ಮೊದಲು ವಿದ್ಯುತ್ ತಂತಿ ಎಲ್ಲಿದೆಯೆಂದು ನೋಡಬೇಕು.

ಕಾನೂನು ಇಲ್ಲವೆಂದಲ್ಲ. 1996ರಲ್ಲಿ ಕೇಂದ್ರ ಸರ್ಕಾರ ಕಟ್ಟಡ ಕಾರ್ಮಿಕರಿಗಾಗಿ ಕಾಯಿದೆ ಮಾಡಿತು; ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸುಂಕ ಎತ್ತಿ ಕಲ್ಯಾಣ ನಿಧಿಗೆ ಹಾಕುವಂತಾಯಿತು. ನಮ್ಮ ರಾಜ್ಯದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. ಕಾಯಿದೆಯ ವಿಷಯಗಳನ್ನು 2020ರ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಸಲಾಯಿತು. ಆದರೆ 1996ರ ಕಾಯಿದೆ ಅನ್ವಯಿಸಿದ್ದು ಹತ್ತು ಜನಕ್ಕಿಂತ ಕಡಮೆಯಿಲ್ಲದ ಕೆಲಸಗಳಿಗೆ. ಹತ್ತು ಲಕ್ಷ ರೂಪಾಯಿಗೆ ಒಳಪಟ್ಟ ಸ್ವಂತ ವಾಸದ ಮನೆಯನ್ನು ಅದು ಹೊರಗಿಟ್ಟಿತು. ಕೂಸುಗಳಿಗೆ ಶಿಶುವಿಹಾರ ಬೇಕೆಂದದ್ದು ಐವತ್ತಕ್ಕಿಂತ ಹೆಚ್ಚು ಹೆಂಗಸರು ಇದ್ದಲ್ಲಿ. ನಮ್ಮ ಹೋಬಳಿಗಳಲ್ಲಿ ಒಬ್ಬ ಮೇಸ್ತ್ರಿ, ಇಬ್ಬರು ಗಾರೆಯವರು, ನಾಲ್ವರು ಆಳುಗಳಿಂದ ಏಳುವ ಮನೆಗಳೇ ಹೆಚ್ಚು. ಬಾಂಡ್ಲಿ ಹೊರುವ ಹೆಂಗಸು ಕೂಸನ್ನು ಜಲ್ಲಿಯ ರಾಶಿಯ ಪಕ್ಕದಲ್ಲಿಯೇ ಮಲಗಿಸುತ್ತಾಳೆ. ನಮ್ಮ ಸಹಪಾಠಿಗಳಲ್ಲಿಯೂ ರಜೆಯಲ್ಲಿ ಈ ಕೂಲಿಗೆ ಹೋಗಿ ಫೀಜು ಹೊಂದಿಸುವವರು ಕಡಮೆಯಿಲ್ಲ. ಅದೂ ಅಲ್ಲದೆ ನಿಧಿಯ ಹಣ ಬರುವುದು ಕೈಕಾಲು ಮುರಿದ ಮೇಲೆ, ಉಸಿರು ಕಟ್ಟಿದ ಮೇಲೆ. ಗುಂಡಿ ಮುಚ್ಚುವುದಕ್ಕೆ ಅದರಿಂದ ಒಂದು ಕಾಸೂ ಬರುವುದಿಲ್ಲ.

ಆದಕಾರಣ ನನಗೆ ತೋರುವುದೇನೆಂದರೆ, ಈ ಖರ್ಚು ಎಸ್ಟಿಮೇಟಿನಲ್ಲಿಯೇ ಸೇರಬೇಕು. ಮನೆ ಕಟ್ಟುವವನು ಮೇಸ್ತ್ರಿಯಿಂದ ಪಟ್ಟಿ ಬರೆಸುವಾಗ ಸಿಮೆಂಟು, ಕಬ್ಬಿಣ, ಜಲ್ಲಿ, ಮರ ಎಂದು ಬರೆಸಿದಂತೆಯೇ ಕೆಳಗೆ ಇನ್ನೂ ಕೆಲವನ್ನು ಬರೆಸಬಹುದು: ಗೋಣಿತಾಟು, ಡ್ರಮ್ಮಿಗೆ ಮುಚ್ಚಳ, ಕೈಚೀಲ, ಕತ್ತರಿಸುವ ಯಂತ್ರಕ್ಕೆ ನೀರಿನ ಕೊಳವೆ, ಸಾರುವೆಗೆ ಗಟ್ಟಿ ಹಲಗೆ, ಆಳುಗಳಿಗೆ ಮರೆಯಾದ ಒಂದು ಕಕ್ಕಸು, ಕೊನೆಯಲ್ಲಿ ಮಣ್ಣು ತೆಗೆದ ಜಾಗವನ್ನು ಸಮ ಮಾಡುವ ಎರಡು ದಿನದ ಕೂಲಿ. ಇಷ್ಟೂ ಸೇರಿದರೆ ಮುಂಬಾಗಿಲಿನ ಕೆತ್ತನೆಗೆ ಕೊಡುವುದಕ್ಕಿಂತ ಹೆಚ್ಚಾಗಲಾರದು. ಪರವಾನಗಿ ಕೊಡುವ ಗ್ರಾಮ ಪಂಚಾಯಿತಿಯವರೂ ಪುರಸಭೆಯವರೂ ನಕ್ಷೆ ನೋಡಿ ದಿಕ್ಕುದಿಕ್ಕಿಗೂ ಎಷ್ಟು ಅಡಿ ಜಾಗ ಬಿಟ್ಟಿದೆಯೆಂದು ಅಳೆಯುತ್ತಾರೆ. ಅದೇ ಅರ್ಜಿಯಲ್ಲಿ, ಮಣ್ಣನ್ನು ಎಲ್ಲಿಂದ ತರುತ್ತೀರಿ, ಆ ಗುಂಡಿಯನ್ನು ಯಾವ ತಿಂಗಳೊಳಗೆ ಯಾರು ಮುಚ್ಚುತ್ತಾರೆ ಎಂದು ಒಂದು ಸಾಲನ್ನು ಅಚ್ಚುಹಾಕಿಸಿ, ಮುಂಗಾರು ಹಿಡಿಯುವುದಕ್ಕೆ ಮೊದಲು ಯಾರಾದರೂ ಹೋಗಿ ನೋಡಿ ಬರುವಂತೆ ಮಾಡುವುದಕ್ಕೆ ಹೊಸ ಕಾನೂನೇನೂ ಬೇಕಾಗದು.